ಶುಕ್ರಗ್ರಹ ಮತ್ತು ಶಾಲೆಯ ಪಾಠ

ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಕಾಣುವ ಅತ್ಯಂತ ಉಜ್ಜ್ವಲವಾದ ಜ್ಯೋತಿ ಶುಕ್ರ. ಹಳ್ಳಿಗಾಡಿನ ಜನ ಅದನ್ನು ‘ಬೆಳ್ಳಿ’ ಎಂದು ಕರೆದರು. ಗಡಿಯಾರಗಳಿಲ್ಲದ ಕಾಲದಲ್ಲಿ ಬೆಳ್ಳಿ ಮೂಡಿದುದನ್ನು ಕಂಡು ರೈತನು ಎದ್ದು ಎತ್ತುಗಳಿಗೆ ಮೇವು ಹಾಕುತ್ತಿದ್ದನು; ಗೃಹಿಣಿಯು ಬೀಸುವ ಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿದ್ದಳು; ದೂರದ ಸಂತೆಗೆ ಹೊರಟ ಗಾಡಿಗಳ ಕೊರಳಗಂಟೆ ಕೇಳಿಸತೊಡಗುತ್ತಿತ್ತು. ಓದುಬರಹ ತಿಳಿಯದ ಆ ಜನಕ್ಕೆ ಶುಕ್ರನ ವ್ಯಾಸವೆಷ್ಟು, ದೂರವೆಷ್ಟು ಎಂಬುದು ಗೊತ್ತಿರಲಿಲ್ಲ. ಆದರೆ ಶುಕ್ರನು ಗೊತ್ತಿದ್ದನು.

ಇಂದಿನ ವಿದ್ಯಾರ್ಥಿಯ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ. ‘ಭೂಮಿಯ ಅವಳಿ ಎಂದು ಯಾವ ಗ್ರಹವನ್ನು ಕರೆಯುತ್ತಾರೆ?’ ಎಂಬ ಒಂದು ಅಂಕದ ಪ್ರಶ್ನೆಗೆ ಆತನು ‘ಶುಕ್ರ’ ಎಂದು ಬರೆದು ಅಂಕ ಪಡೆಯುತ್ತಾನೆ. ಅದೇ ದಿನ ಸಂಜೆ ಆಟದ ಬಯಲಿನಿಂದ ಹಿಂದಿರುಗುವಾಗ ಪಡುವಣ ದಿಕ್ಕಿನಲ್ಲಿ ಹೊಳೆಯುತ್ತಿರುವುದು ಏನೆಂದು ಕೇಳಿದರೆ, ವಿಮಾನವಿರಬಹುದೆನ್ನುತ್ತಾನೆ. ಅಂಕ ಬಂದಿತು, ಗ್ರಹ ಕಾಣಲಿಲ್ಲ. ವಿಜ್ಞಾನ ಶಿಕ್ಷಣದ ಸ್ಥಿತಿಗತಿಯನ್ನು ಅಳೆಯಲು ಇದಕ್ಕಿಂತ ಸುಲಭವಾದ ಅಳತೆಗೋಲು ಬೇಕಿಲ್ಲ. ಅದಕ್ಕಾಗಿ ಸಮಿತಿಗಳನ್ನು ನೇಮಿಸುವ ಅಗತ್ಯವೂ ಇಲ್ಲ.

ಇಷ್ಟಕ್ಕೂ ಆ ಒಂದು ಅಂಕದ ಉತ್ತರವಾದರೂ ಪೂರ್ಣ ಸತ್ಯವೇ ಎಂದು ವಿಚಾರಿಸಬೇಕು. ಶುಕ್ರನ ವ್ಯಾಸ 12,104 ಕಿಲೋಮೀಟರು, ಭೂಮಿಯದು 12,742. ಅದರ ರಾಶಿ ಭೂಮಿಯ ರಾಶಿಯಲ್ಲಿ ಶೇಕಡಾ 81ಕ್ಕಿಂತ ತುಸು ಹೆಚ್ಚು. ಇಲ್ಲಿ ನೂರು ಕಿಲೋ ತೂಗುವ ಜೋಳದ ಚೀಲ ಅಲ್ಲಿ ಸುಮಾರು ತೊಂಬತ್ತು ಕಿಲೋ ತೂಗೀತು. ಇಷ್ಟರಮಟ್ಟಿಗೆ ಅವಳಿ ಎಂಬ ಮಾತು ಸಲ್ಲುತ್ತದೆ. ಆದರೆ ಆ ಚೀಲವನ್ನು ಅಲ್ಲಿ ಇಳಿಸಿದ ಕೂಡಲೇ ಜೋಳವೂ ಉಳಿಯದು, ಚೀಲವೂ ಉಳಿಯದು. ಶುಕ್ರನ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಂಟಿಗ್ರೇಡ್. ಸೀಸ ಕರಗುವುದು 327 ಡಿಗ್ರಿಯಲ್ಲಿ, ಸತು ಕರಗುವುದು 420 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿನ ವಾಯುಭಾರ ಭೂಮಿಯಲ್ಲಿರುವುದರ ತೊಂಬತ್ತು ಪಟ್ಟಿಗೂ ಮಿಗಿಲು. ಸಮುದ್ರದಲ್ಲಿ ಒಂಬೈನೂರು ಮೀಟರಿನಷ್ಟು ಆಳಕ್ಕೆ ಇಳಿದವನ ಮೇಲೆ ಬೀಳುವ ಒತ್ತಡಕ್ಕೆ ಅದು ಸಮಾನ. ಗಾಳಿಯಲ್ಲಿ ಶೇಕಡಾ 96ಕ್ಕೂ ಹೆಚ್ಚು ಪಾಲು ಇಂಗಾಲದ ಡೈ ಆಕ್ಸೈಡ್. ಮೇಲೆ ಗಗನವನ್ನೆಲ್ಲ ಮುಚ್ಚಿರುವುದು ನೀರಿನ ಮೋಡಗಳಲ್ಲ, ಗಂಧಕಾಮ್ಲದ ಮೋಡಗಳು. ಆ ಆಮ್ಲದ ಮಳೆ ಸುರಿಯುವುದೂ ಉಂಟು. ಆದರೆ ಕೆಳಗಿನ ಕಾವಿಗೆ ನಡುದಾರಿಯಲ್ಲೇ ಆವಿಯಾಗುವುದರಿಂದ ಅದರ ಒಂದು ಹನಿಯೂ ನೆಲವನ್ನು ತಲಪುವುದಿಲ್ಲ.

ಇಂತಹ ನರಕಸದೃಶವಾದ ಉರಿಗೆ ಕಾರಣವೇನು? ಸೂರ್ಯನಿಗೆ ಹತ್ತಿರವಿರುವುದರಿಂದ ಎಂದು ಹೆಚ್ಚಿನವರು ಥಟ್ಟನೆ ಉತ್ತರಿಸುತ್ತಾರೆ. ಶಿಕ್ಷಕರಲ್ಲಿಯೂ ಹಲವರು ಹಾಗೆ ಹೇಳುವುದುಂಟು. ಉತ್ತರ ಸಹಜವಾಗಿದೆ, ಆದರೆ ಸರಿಯಲ್ಲ. ಬುಧಗ್ರಹ ಸೂರ್ಯನಿಗೆ ಇನ್ನೂ ಹತ್ತಿರದಲ್ಲಿದ್ದರೂ ಶುಕ್ರನಷ್ಟು ಬಿಸಿಯಾಗಿಲ್ಲ. ಅದರ ರಾತ್ರಿಯ ಭಾಗವಂತೂ ಕೊರೆಯುವ ಚಳಿಯದು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಶುಕ್ರನ ಬೆಳ್ಳನೆಯ ಮೋಡಗಳು ತಮ್ಮ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಚೆಲ್ಲಿಬಿಡುತ್ತವೆ. ಆ ಗ್ರಹ ಕಣ್ಣು ಕೋರೈಸುವಂತೆ ಹೊಳೆಯುವುದು ಇದರಿಂದಲೇ. ಲೆಕ್ಕ ಹಾಕಿದರೆ, ಸೂರ್ಯನಿಗೆ ಹತ್ತಿರವಿದ್ದೂ ಶುಕ್ರನು ಹೀರಿಕೊಳ್ಳುವ ಬಿಸಿಲು ಭೂಮಿ ಹೀರಿಕೊಳ್ಳುವುದಕ್ಕಿಂತ ಕಡಿಮೆ. ಬರುವ ಆದಾಯ ಕಡಿಮೆಯಾದರೂ ಖರ್ಚಿಗೆ ದಾರಿಯೇ ಇಲ್ಲದ ಮನೆಯಂತೆ, ಒಳಗೆ ಬಂದ ಅಲ್ಪ ಶಾಖವನ್ನೂ ಆ ದಟ್ಟವಾದ ವಾಯುವಿನ ಹೊದಿಕೆ ಹೊರಗೆ ಬಿಡದೆ ಕೂಡಿಹಾಕುತ್ತದೆ. ಅಮೆರಿಕದ ಕಾರ್ಲ್ ಸಗಾನ್ 1960ರಲ್ಲಿ ಈ ಹಸುರುಮನೆಯ ಪರಿಣಾಮವನ್ನು ಶುಕ್ರನಿಗೆ ಅನ್ವಯಿಸಿ ಪ್ರತಿಪಾದಿಸಿದಾಗ ಅದು ವಾದ ಮಾತ್ರವಾಗಿತ್ತು. ಮುಂದೆ ಗಗನನೌಕೆಗಳು ಅಲ್ಲಿಗೆ ಹೋಗಿ ತಂದ ಅಳತೆಗಳು ಅದನ್ನು ದೃಢಪಡಿಸಿದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಗಾತ್ರದ, ಒಂದೇ ಕಾಲದಲ್ಲಿ ಹುಟ್ಟಿದ ಭೂಮಿಗೆ ಅಷ್ಟು ಇಂಗಾಲದ ಡೈ ಆಕ್ಸೈಡ್ ಏಕೆ ದೊರೆಯಲಿಲ್ಲ? ದೊರೆಯದೆ ಇಲ್ಲ, ದೊರೆತಿದೆ. ಅದು ಕಾಲಕೆಳಗಿದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ, ಶಾಲೆಗಳಿಗೆ, ಮಠಗಳ ಪಡಸಾಲೆಗಳಿಗೆ ಹಾಸಿರುವ ಶಹಾಬಾದ ಕಲ್ಲು ಸುಣ್ಣಕಲ್ಲಿನ ಜಾತಿಯದು. ಮಳೆಯ ನೀರು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ಬಂಡೆಗಳನ್ನು ಸವೆಸುತ್ತದೆ. ಹೊಳೆಗಳು ಆ ಸವಕಳಿಯನ್ನು ಕಡಲಿಗೆ ಒಯ್ಯುತ್ತವೆ. ಕಡಲ ತಳದಲ್ಲಿ ಅದು ಕೋಟ್ಯಂತರ ವರ್ಷಗಳ ಕಾಲ ಪದರಪದರವಾಗಿ ಸುಣ್ಣಕಲ್ಲಾಗಿ ಕೂರುತ್ತದೆ. ಹೀಗೆ ಭೂಮಿಯ ಬಂಡೆಗಳಲ್ಲಿ ಬಂಧಿತವಾಗಿರುವ ಇಂಗಾಲವನ್ನೆಲ್ಲ ಬಿಡುಗಡೆ ಮಾಡಿದರೆ, ಶುಕ್ರನ ಗಾಳಿಯಲ್ಲಿರುವಷ್ಟಕ್ಕೆ ಬಹುಮಟ್ಟಿಗೆ ಸರಿದೂಗುತ್ತದೆಂದು ಭೂವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅಂದಮೇಲೆ ಅವಳಿಗಳ ನಡುವಣ ವ್ಯತ್ಯಾಸ ಸಂಪತ್ತಿನದಲ್ಲ, ಅದನ್ನು ಇರಿಸಿದ ಸ್ಥಳದ್ದು. ಭೂಮಿ ನೆಲದೊಳಗೆ ಇಟ್ಟುಕೊಂಡಿತು, ಶುಕ್ರ ತಲೆಯ ಮೇಲೆ ಹೊತ್ತುಕೊಂಡಿತು. ಈ ಕೆಲಸವನ್ನೆಲ್ಲ ಮಾಡಿಸಿದುದು ನೀರು. ಶುಕ್ರನಲ್ಲಿ ನೀರಿಲ್ಲ. ಅಲ್ಲಿನ ಗಾಳಿಯಲ್ಲಿ ಸಾಮಾನ್ಯ ಜಲಜನಕಕ್ಕೆ ಹೋಲಿಸಿದಾಗ ಭಾರಜಲಜನಕದ ಪ್ರಮಾಣ ಭೂಮಿಯಲ್ಲಿರುವುದರ ನೂರು ಪಟ್ಟಿಗಿಂತ ಹೆಚ್ಚಾಗಿರುವುದನ್ನು ನೋಡಿದರೆ, ಒಂದಾನೊಂದು ಕಾಲದಲ್ಲಿ ಸಾಕಷ್ಟು ನೀರಿದ್ದು, ಅದು ಒಡೆದು, ಹಗುರವಾದ ಜಲಜನಕವು ಬಾಹ್ಯಾಕಾಶಕ್ಕೆ ಸೋರಿಹೋಗಿದೆಯೆಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಆ ನೀರು ಎಂದಾದರೂ ಕಡಲಾಗಿ ನಿಂತಿತ್ತೋ, ಇಲ್ಲವೇ ಆವಿಯಾಗಿಯೇ ಇದ್ದು ಆವಿಯಾಗಿಯೇ ಹೋಯಿತೋ ಎಂಬುದರಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಈ ವಿಷಯದಲ್ಲಿ ಎರಡು ಅತಿರೇಕಗಳು ಪ್ರಚಾರದಲ್ಲಿವೆ. ಕಲ್ಲಿದ್ದಲು ಉರಿಸುತ್ತ ಹೋದರೆ ನಾಳೆಯೋ ನಾಡಿದ್ದೋ ಭೂಮಿಯೂ ಶುಕ್ರನಂತಾಗುವುದೆಂದು ಮಕ್ಕಳನ್ನು ಹೆದರಿಸುವವರಿದ್ದಾರೆ. ಇದು ಸಲ್ಲದ ಮಾತು. ಭೂಮಿಯ ಗಾಳಿಯಲ್ಲಿ ಈ ವಾಯುವಿನ ಪಾಲು ಹತ್ತು ಲಕ್ಷಕ್ಕೆ 420 ಭಾಗಗಳಿಗಿಂತ ತುಸು ಹೆಚ್ಚು ಅಷ್ಟೇ. ಇನ್ನು ಕೆಲವರು, ಅಷ್ಟು ಅಲ್ಪವಾದುದರಿಂದ ಏನಾದೀತೆಂದು ಕೈಕೊಡವುತ್ತಾರೆ. ಅದೂ ಸಲ್ಲದು. ಕೈಗಾರಿಕೆಗಳು ಬೆಳೆಯುವ ಮುನ್ನ ಅದು 280 ಭಾಗವಿತ್ತು. ಕಲಬುರಗಿ ಸೀಮೆಯಲ್ಲಿ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗಲೂ, ಕೋಟ್ಯಂತರ ವರ್ಷ ಬಂಡೆಯಲ್ಲಿ ಮಲಗಿದ್ದ ವಾಯು ಗಾಳಿಗೆ ಮರಳುತ್ತದೆ. ಮಳೆ, ಬೆಳೆಗಳ ಕ್ರಮ ಏರುಪೇರಾಗಲು ಶುಕ್ರನ ಉರಿಯೇ ಬೇಕಾಗಿಲ್ಲ. ಹೆದರಿಕೆಯನ್ನೂ ಅಸಡ್ಡೆಯನ್ನೂ ಬಿಟ್ಟು, ಇರುವುದನ್ನು ಇರುವಂತೆ ಲೆಕ್ಕಸಹಿತ ತೋರಿಸುವುದು ಶಿಕ್ಷಕನ ಧರ್ಮ.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಪ್ರಸ್ತಾಪಿಸಬೇಕು. ‘ಶುಕ್ರನಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ದೊಡ್ಡದು’ ಎಂಬ ವಾಕ್ಯ ರಸಪ್ರಶ್ನೆಯ ಪುಸ್ತಕಗಳಲ್ಲೆಲ್ಲ ರಾರಾಜಿಸುತ್ತಿದೆ. ಶುಕ್ರನು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 225 ದಿನಗಳನ್ನೂ, ತನ್ನ ಅಕ್ಷದ ಮೇಲೆ ಒಂದು ಸಲ ತಿರುಗಲು 243 ದಿನಗಳನ್ನೂ ತೆಗೆದುಕೊಳ್ಳುತ್ತಾನೆಂಬುದು ನಿಜ. ಆದರೆ ಜನಸಾಮಾನ್ಯರು ದಿನವೆನ್ನುವುದು ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗಿನ ಕಾಲವನ್ನು. ಶುಕ್ರನು ಉಳಿದ ಬಹುತೇಕ ಗ್ರಹಗಳಂತಲ್ಲದೆ ಹಿಮ್ಮುಖವಾಗಿ, ಪೂರ್ವದಿಂದ ಪಶ್ಚಿಮಕ್ಕೆ ತಿರುಗುವುದರಿಂದ ಎರಡು ಚಲನೆಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. 243ರಲ್ಲಿ ಒಂದಂಶವನ್ನೂ 225ರಲ್ಲಿ ಒಂದಂಶವನ್ನೂ ಕೂಡಿಸಿ, ಬಂದ ಭಿನ್ನರಾಶಿಯನ್ನು ತಿರುವಿದರೆ ಸುಮಾರು 117 ದಿನಗಳೆಂಬ ಉತ್ತರ ದೊರೆಯುತ್ತದೆ. ಅಂದರೆ ಅಲ್ಲಿನ ಒಂದು ವರ್ಷದೊಳಗೆ ಹತ್ತಿರಹತ್ತಿರ ಎರಡು ದಿನಗಳಾಗುತ್ತವೆ, ಸೂರ್ಯನು ಪಡುವಣದಲ್ಲಿ ಉದಯಿಸಿ ಮೂಡಣದಲ್ಲಿ ಅಸ್ತನಾಗುತ್ತಾನೆ. ಮೋಡದ ಮುಸುಕಿನಿಂದಾಗಿ ಆ ಉದಯಾಸ್ತಗಳನ್ನು ಕಣ್ಣಾರೆ ಕಾಣುವಂತಿಲ್ಲ, ಅದು ಬೇರೆ ಮಾತು. ಎಂಟನೆಯ ತರಗತಿಯ ಭಿನ್ನರಾಶಿಯಿಂದ ಇನ್ನೊಂದು ಗ್ರಹದ ಹಗಲಿರುಳನ್ನು ಕಂಡುಹಿಡಿಯಬಹುದೆಂಬ ಸಂತೋಷವನ್ನು ಯಾವ ರಸಪ್ರಶ್ನೆಯೂ ಕೊಡಲಾರದು.

ಶುಕ್ರನು ಹೀಗೆ ಹಿಂದುಮುಂದಾಗಿ ತಿರುಗುವುದೇಕೆ? ಬಹು ಹಿಂದೆ ದೊಡ್ಡದೊಂದು ಕಾಯ ಬಂದು ಡಿಕ್ಕಿ ಹೊಡೆಯಿತೆಂದು ಕೆಲವರು, ದಟ್ಟವಾದ ವಾತಾವರಣದ ಎಳೆತದಿಂದ ಭ್ರಮಣ ನಿಧಾನಗೊಂಡು ತಿರುವುಮುರುವಾಯಿತೆಂದು ಮತ್ತೆ ಕೆಲವರು ಹೇಳುತ್ತಾರೆ, ತೀರ್ಮಾನವಾಗಿಲ್ಲ. ನೆಲವು 243 ದಿನಗಳಲ್ಲಿ ಒಂದು ಸುತ್ತು ತಿರುಗಿದರೆ, ಮೇಲಿನ ಮೋಡಗಳು ಕೇವಲ ನಾಲ್ಕು ದಿನಗಳಲ್ಲಿ ಗ್ರಹವನ್ನೆಲ್ಲ ಸುತ್ತಿಬರುತ್ತವೆ. ನೆಲದ ಬಳಿ ಬೀಸುವ ಗಾಳಿಗೆ ನಡೆಯುವ ಮನುಷ್ಯನ ವೇಗವೂ ಇಲ್ಲ. ಮೋಡಗಳ ನೆತ್ತಿಯಲ್ಲಿ ಗಂಟೆಗೆ 360 ಕಿಲೋಮೀಟರಿನ ಬಿರುಗಾಳಿ. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಸುಮಾರು 584 ದಿನಗಳಿಗೊಮ್ಮೆ ಶುಕ್ರನು ಭೂಮಿಗೂ ಸೂರ್ಯನಿಗೂ ನಡುವೆ ಬಂದಾಗಲೆಲ್ಲ ತನ್ನ ಬಹುಮಟ್ಟಿಗೆ ಅದೇ ಮುಖವನ್ನು ಭೂಮಿಯತ್ತ ತಿರುಗಿಸಿರುತ್ತಾನೆ. ಇದು ಕಾಕತಾಳೀಯವೋ, ಕಾರಣವುಳ್ಳದ್ದೋ ಎಂಬುದೂ ಇತ್ಯರ್ಥವಾಗಬೇಕಾದ ಪ್ರಶ್ನೆಯೇ.

ಮೋಡದ ಮುಸುಕು ಮನುಷ್ಯನ ಕಲ್ಪನೆಗೆ ಕೊಟ್ಟ ಸ್ವಾತಂತ್ರ್ಯವೂ ಸ್ವಾರಸ್ಯವಾಗಿದೆ. ಕಾಣದ ನೆಲದ ಮೇಲೆ ಯಾರು ಏನನ್ನು ಬೇಕಾದರೂ ಬಿತ್ತಬಹುದಷ್ಟೆ! ಸ್ವೀಡನ್ನಿನ ನೊಬೆಲ್ ಪುರಸ್ಕೃತ ವಿಜ್ಞಾನಿ ಅರೇನಿಯಸ್‌ನಂತಹವನೇ 1918ರಲ್ಲಿ, ಶುಕ್ರನು ತೊಟ್ಟಿಕ್ಕುವಷ್ಟು ತೇವದ, ಜವುಗುನೆಲದ, ಸಸ್ಯಗಳಿಂದ ತುಂಬಿದ ಲೋಕವೆಂದು ಬರೆದನು. ಮೋಡಗಳಿವೆ, ಆದ್ದರಿಂದ ಮಳೆಯಿದೆ, ಆದ್ದರಿಂದ ಕಾಡಿದೆ ಎಂಬುದು ತರ್ಕ. ತರ್ಕದ ಸರಪಳಿ ಗಟ್ಟಿಯಾಗಿಯೇ ಇತ್ತು. ಕಟ್ಟಿದ ಗೂಟ ಮಾತ್ರ ಸಡಿಲವಾಗಿತ್ತು. 1962ರ ಡಿಸೆಂಬರ್ 14ರಂದು ಅಮೆರಿಕದ ಮ್ಯಾರಿನರ್-2 ನೌಕೆ ಶುಕ್ರನ ಪಕ್ಕದಲ್ಲಿ ಹಾದುಹೋಗಿ ಅಲ್ಲಿನ ಉರಿಯ ಸುದ್ದಿಯನ್ನು ಕಳುಹಿಸಿದಾಗ ಆ ಕಾಡೆಲ್ಲ ಸುಟ್ಟುಹೋಯಿತು. ಬಳಿಕ ಸೋವಿಯತ್ ದೇಶದ ವೆನೆರಾ ನೌಕೆಗಳು ಒಂದರ ಹಿಂದೊಂದು ಹೋದವು. ಮೊದಮೊದಲಿನವು ಇಳಿಯುವ ದಾರಿಯಲ್ಲೇ ಸ್ತಬ್ಧವಾದವು. 1970ರ ಡಿಸೆಂಬರಿನಲ್ಲಿ ವೆನೆರಾ-7 ನೆಲ ಮುಟ್ಟಿ 23 ನಿಮಿಷ ಕ್ಷೀಣವಾದ ಸಂಕೇತಗಳನ್ನು ಕಳುಹಿಸಿತು. 1975ರ ಅಕ್ಟೋಬರಿನಲ್ಲಿ ವೆನೆರಾ-9 ಆ ನೆಲದ ಪ್ರಥಮ ಚಿತ್ರವನ್ನು ಕೊಟ್ಟಿತು. 1982ರ ಮಾರ್ಚ್ 1ರಂದು ಇಳಿದ ವೆನೆರಾ-13ನ್ನು ಅರ್ಧ ಗಂಟೆ ಬಾಳಿದರೆ ಸಾಕೆಂದು ರಚಿಸಲಾಗಿತ್ತು. ಅದು 127 ನಿಮಿಷ ಬಾಳಿತು. ಸೀಸ ಕರಗುವ ನೆಲದಲ್ಲಿ ಎರಡು ಗಂಟೆ! ಮುಂದೆ 1990ರಿಂದ 1994ರವರೆಗೆ ಮೆಜಲನ್ ನೌಕೆ ರೇಡಾರಿನಿಂದ ಮೋಡಗಳನ್ನು ಭೇದಿಸಿ ಶೇಕಡಾ 98ರಷ್ಟು ನೆಲದ ನಕ್ಷೆಯನ್ನು ಬರೆಯಿತು.

ಹಣದ ಪ್ರಶ್ನೆಯನ್ನು ಎತ್ತುವ ದಾನಿಗಳೂ ಪೋಷಕರೂ ಇದ್ದಾರೆ. ಅವರ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಹಳ್ಳಿಯ ಶಾಲೆಗೆ ಸೂರಿಲ್ಲದಿರುವಾಗ ಶುಕ್ರನ ಗೊಡವೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಶುಕ್ರ ಕಕ್ಷಾಗಾಮಿ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರಿನಲ್ಲಿ 1,236 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟು, 2028ರ ಮಾರ್ಚ್ ತಿಂಗಳನ್ನು ಉಡಾವಣೆಗೆ ಗೊತ್ತುಪಡಿಸಿತು. ಈ ವೆಚ್ಚಕ್ಕೆ ಸಮರ್ಥನೆ ಜಪಾನಿನ ಅಕತ್ಸುಕಿ ನೌಕೆಯ ಕಥೆಯಲ್ಲಿದೆ. 2010ರ ಡಿಸೆಂಬರಿನಲ್ಲಿ ಶುಕ್ರನ ಕಕ್ಷೆಗೆ ಸೇರಬೇಕಿದ್ದಾಗ ಅದರ ಮುಖ್ಯ ಎಂಜಿನು ಕೆಟ್ಟು, ಗುರಿ ತಪ್ಪಿ, ಸೂರ್ಯನನ್ನು ಸುತ್ತತೊಡಗಿತು. ಐದು ವರ್ಷ ಕಾದ ಎಂಜಿನಿಯರುಗಳು 2015ರ ಡಿಸೆಂಬರ್ 7ರಂದು, ದಿಕ್ಕು ತಿದ್ದುವುದಕ್ಕೆಂದೇ ಇದ್ದ ಚಿಕ್ಕ ಚಿಕ್ಕ ಯಂತ್ರಗಳನ್ನು ಉರಿಸಿ ಅದನ್ನು ಕಕ್ಷೆಗೆ ಸೇರಿಸಿದರು. ಅದು 2024ರವರೆಗೂ ಕೆಲಸ ಮಾಡಿತು. ಇಂತಹ ಜನರನ್ನು ಬೆಳೆಸುವುದಕ್ಕೆ ತಗಲುವ ವೆಚ್ಚವೂ ಆ ಕೋಟಿಗಳಲ್ಲಿ ಸೇರಿರುತ್ತದೆ.

ಎಲ್ಲಕ್ಕೂ ಕೋಟಿಗಳೇ ಬೇಕೆಂದೂ ಇಲ್ಲ. 2023ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಮೆಜಲನ್ ನೌಕೆ ತೆಗೆದಿದ್ದ 1991ರ ಹಳೆಯ ಚಿತ್ರಗಳನ್ನೇ ಮತ್ತೆ ತೆಗೆದು, ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರು. ಮಾಟ್ ಎಂಬ ಪರ್ವತದ ಬಳಿಯ ಒಂದು ಜ್ವಾಲಾಮುಖಿಯ ಬಾಯಿ ಫೆಬ್ರವರಿಯಲ್ಲಿದ್ದಂತೆ ಅಕ್ಟೋಬರಿನಲ್ಲಿ ಇರಲಿಲ್ಲ. ಅಗಲಿತ್ತು, ಆಕಾರ ಬದಲಾಗಿತ್ತು. ಶುಕ್ರನ ಜ್ವಾಲಾಮುಖಿಗಳು ಈಗಲೂ ಜೀವಂತವೆಂಬುದಕ್ಕೆ ಅಷ್ಟು ಪ್ರಬಲವಾದ ಸಾಕ್ಷ್ಯ ಮೂವತ್ತು ವರ್ಷ ಕಡತಗಳಲ್ಲಿಯೇ ಇತ್ತು. ಕಂಡದ್ದನ್ನು ಮತ್ತೊಮ್ಮೆ ನೋಡುವ ತಾಳ್ಮೆಗೆ ಯಾವ ಅಂದಾಜುಪತ್ರದಲ್ಲಿಯೂ ಬಾಬತ್ತು ಇರುವುದಿಲ್ಲ.

ಶುಕ್ರನನ್ನು ನೋಡದಿರುವುದರ ನಷ್ಟ ಶಾಲೆಗೆ ಮಾತ್ರ ಸೀಮಿತವಲ್ಲ. ಪಂಚಾಂಗಗಳಲ್ಲಿ ಶುಕ್ರಾಸ್ತವೆಂದೂ ಶುಕ್ರಮೌಢ್ಯವೆಂದೂ ಬರೆದ ದಿನಗಳಲ್ಲಿ ಮದುವೆ, ಗೃಹಪ್ರವೇಶಗಳು ನಿಂತುಹೋಗುತ್ತವೆ. ನಿಶ್ಚಿತಾರ್ಥವಾದ ಹೆಣ್ಣಿನ ಬಡ ತಂದೆ ಎರಡು ತಿಂಗಳಿಗೂ ಹೆಚ್ಚು ಕಾಲ ಸಾಲದ ಬಡ್ಡಿ ಎಣಿಸುತ್ತ ಕಾಯುವುದುಂಟು. ಆಗುವುದಿಷ್ಟೆ: ಶುಕ್ರನು ಸೂರ್ಯನ ಆಚೆ ಬದಿಗೆ ಹೋಗಿ ಅವನ ಪ್ರಭೆಯಲ್ಲಿ ಕಣ್ಣಿಗೆ ಮರೆಯಾಗುತ್ತಾನೆ. ಈಚೆ ಬದಿಯಲ್ಲಿ ಹಾದುಹೋಗುವಾಗ ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಗ್ರಹಕ್ಕೆ ಯಾವ ಕುಂದೂ ಬಂದಿರುವುದಿಲ್ಲ; ಅದರ ಬೆಳಕು ನೋಡುವವನಿಗೆ ತಲಪಿಲ್ಲ, ಅಷ್ಟೇ. ಹಾಗಿರಲು ಮೌಢ್ಯ ಎಂಬ ಮಾತನ್ನು ಯಾರಿಗೆ ಅನ್ವಯಿಸಬೇಕೆಂಬುದನ್ನು ಓದುಗರೇ ಯೋಚಿಸಬಹುದು. ಲಗ್ನ, ತಿಥಿ, ವಾರಗಳ ಗುಣದೋಷವನ್ನೆಣಿಸುತ್ತ ಕೂರುವುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ ಶರಣರ ನಾಡಿನಲ್ಲಿ, ಶರಣರ ಹೆಸರು ಹೇಳುವ ಮನೆಗಳಲ್ಲಿಯೇ ಇದು ಮುಂದುವರಿದಿರುವುದು ವಿಷಾದಕರ.

ಶುಕ್ರನ ನೆಲದ ಮೇಲಿನ ಹೆಸರುಗಳನ್ನು ವಿದ್ಯಾರ್ಥಿನಿಯರಿಗಾದರೂ ಅವಶ್ಯವಾಗಿ ಹೇಳಬೇಕು. ಒಂದೆರಡನ್ನು ಬಿಟ್ಟರೆ ಅಲ್ಲಿನ ಬೆಟ್ಟ, ಬಯಲು, ಕುಳಿಗಳಿಗೆಲ್ಲ ಇಟ್ಟಿರುವುದು ಸ್ತ್ರೀಯರ ಹೆಸರುಗಳನ್ನೇ. ಉತ್ತರ ಭಾಗದ ಎತ್ತರವಾದ ಪ್ರಸ್ಥಭೂಮಿಗೆ ಲಕ್ಷ್ಮಿಯ ಹೆಸರಿದೆ. ಪಾಶ್ಚಾತ್ಯ ವೈದ್ಯವಿದ್ಯೆಯಲ್ಲಿ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲೊಬ್ಬರಾದ ಆನಂದಿಬಾಯಿ ಜೋಶಿಯವರ ಹೆಸರಿನ ಕುಳಿಯಿದೆ. ಇನ್ನೊಂದು ಕುಳಿಗೆ ಜೆರೂಷಾ ಝಿರಾಡ್ ಅವರ ಹೆಸರು. ಶಿವಮೊಗ್ಗದಲ್ಲಿ ಜನಿಸಿ, ವೈದ್ಯೆಯಾಗಿ, ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ ಬಾಣಂತಿಯರ ಸೇವೆಗೆ ಬಾಳನ್ನು ಮುಡಿಪಾಗಿಟ್ಟು, 1966ರಲ್ಲಿ ಪದ್ಮಶ್ರೀ ಪಡೆದವರು ಆಕೆ. ಕನ್ನಡ ನಾಡಿನಲ್ಲಿ ಹುಟ್ಟಿದ ಹೆಣ್ಣುಮಗಳ ಹೆಸರು ಇನ್ನೊಂದು ಗ್ರಹದ ಮೇಲಿದೆಯೆಂಬುದು ಕನ್ನಡ ಪಠ್ಯಗಳಲ್ಲಿ ಕಾಣಸಿಗುವುದು ಅಪರೂಪ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. 1610ರ ಕೊನೆಯಲ್ಲಿ ಗೆಲಿಲಿಯೋ ತನ್ನ ಪುಟ್ಟ ದೂರದರ್ಶಕದಿಂದ, ಶುಕ್ರನಿಗೂ ಚಂದ್ರನಂತೆ ವೃದ್ಧಿಕ್ಷಯಗಳಿರುವುದನ್ನು ಕಂಡನು. ತುಂಬುಬಿಂಬಕ್ಕೆ ಸಮೀಪವಾದ ಆಕಾರವೂ ಕಂಡುದರಿಂದ, ಶುಕ್ರನು ಸುತ್ತುವುದು ಸೂರ್ಯನನ್ನೇ ಎಂಬುದು ಖಚಿತವಾಯಿತು. ಅದಕ್ಕಿಂತ ಉತ್ತಮವಾದ ದೂರದರ್ಶಕ ಇಂದು ಒಂದು ಸಾಧಾರಣ ಸಮಾರಂಭದ ಶಾಮಿಯಾನದ ಖರ್ಚಿನಲ್ಲಿ ದೊರೆಯುತ್ತದೆ. ಕೊಠಡಿ, ಕಮಾನು, ವೇದಿಕೆಗಳಿಗೆ ದಾನವಿತ್ತು ಕಲ್ಲಿನ ಮೇಲೆ ಹೆಸರು ಕೆತ್ತಿಸಿದವರ ಔದಾರ್ಯವನ್ನು ಯಾರೂ ಅಲ್ಲಗಳೆಯರು. ಅವರಲ್ಲಿ ಒಬ್ಬರು ಪ್ರಸಾದ ನಿಲಯದ ಮಾಳಿಗೆಗೆ ಒಂದು ದೂರದರ್ಶಕವನ್ನು ಕೊಟ್ಟರೆ ಆ ದಾನ ಪ್ರತಿ ಸಂಜೆಯೂ ಕೆಲಸ ಮಾಡುತ್ತದೆ. ಸೂರ್ಯನು ಪೂರ್ಣ ಮುಳುಗುವವರೆಗೆ ಅದನ್ನು ಆ ದಿಕ್ಕಿಗೆ ತಿರುಗಿಸದಂತೆ ಶಿಕ್ಷಕರೊಬ್ಬರು ಜೊತೆಯಲ್ಲಿ ನಿಂತಿರಬೇಕು, ಏಕೆಂದರೆ ಕಣ್ಣು ಹೋದರೆ ಮತ್ತೆ ಬಾರದು.

ಶುಕ್ರನು ಪಡುವಣದಲ್ಲಿ ಕಾಣುವ ಸಂಜೆಗಳಲ್ಲಿ ಪ್ರಾರ್ಥನೆಗೂ ಊಟಕ್ಕೂ ನಡುವೆ ಹದಿನೈದು ನಿಮಿಷ ಸಾಕು. ವಾರಕ್ಕೊಮ್ಮೆ ಪ್ರತಿ ವಿದ್ಯಾರ್ಥಿಯೂ ತಾನು ಕಂಡ ಆಕಾರವನ್ನು ನೋಟುಪುಸ್ತಕದಲ್ಲಿ ಬರೆದು, ಕೆಳಗೆ ತಾರೀಖು ಹಾಕಲಿ. ಮೊದಮೊದಲು ಚಿಕ್ಕ ಗುಂಡುಬಿಂಬ. ನಾಲ್ಕಾರು ತಿಂಗಳು ಕಳೆಯುವಷ್ಟರಲ್ಲಿ ಅರ್ಧಬಿಂಬ. ಆಮೇಲೆ ದಿನದಿನಕ್ಕೂ ಹಿಗ್ಗುತ್ತ, ದಿನದಿನಕ್ಕೂ ತೆಳುವಾಗುತ್ತ ಹೋಗುವ ಕುಡುಗೋಲಿನಂತಹ ಗೆರೆ. ಚಂದ್ರನು ಹುಣ್ಣಿಮೆಯಂದು ಹೆಚ್ಚು ಬೆಳಗಿದರೆ ಶುಕ್ರನು ಕುಡುಗೋಲಿನಂತಾದಾಗಲೇ ಹೆಚ್ಚು ಬೆಳಗುತ್ತಾನೆ. ಏಕೆ ಹಾಗೆಂದು ಯಾವನಾದರೂ ಹುಡುಗನು ಕೇಳಿದರೆ, ಉತ್ತರವನ್ನು ಕೂಡಲೇ ಹೇಳದೆ ಹಿಂದಿನ ಪುಟಗಳಲ್ಲಿ ಬಿಂಬದ ಗಾತ್ರವನ್ನು ಅಳೆದು ನೋಡುವಂತೆ ಹೇಳಬಹುದು. ಎಂಟು ವರ್ಷಗಳಿಗೊಮ್ಮೆ, ಎರಡು ದಿನಗಳ ಅಂತರದಲ್ಲಿ, ಶುಕ್ರನು ಆಕಾಶದಲ್ಲಿ ಅದೇ ಕ್ರಮವನ್ನು ಪುನಃ ನಡೆಸುತ್ತಾನೆ. ಐದನೆಯ ತರಗತಿಯಲ್ಲಿ ಬರೆದ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡ ಹುಡುಗಿ, ಎಂಟು ವರ್ಷಗಳ ಬಳಿಕ ಕಾಲೇಜಿನ ಮೊದಲ ವರ್ಷದಲ್ಲಿರುವಾಗ ಅದನ್ನು ತೆಗೆದು ಪಡುವಣಕ್ಕೆ ಹಿಡಿದು ಹೋಲಿಸಿ ನೋಡಬಹುದು.